ಒಂದು ಲಕ್ಷ ಇಪ್ಪತ್ತು ಸಾವಿರ ರೊಟ್ಟಿ

ಸೊಲ್ಲಾಪುರ ರಸ್ತೆದಾಗ, ಟೈರಿನಂಗಡಿ ದಾಟಿದ ಮ್ಯಾಲ,
ಪತ್ರಾಸಿನ ನೆರಳಿಗೆ ಹದಿನಾಕು ಕಾರು ನಿಂತಿದ್ವು,
ಕನ್ಯಾ ತೋರಸಾಕ ಕರಕೊಂಡು ಬಂದವರಂಗ
ಮಾರಿ ತೊಳಕೊಂಡು, ಎಣ್ಣಿ ಹಚಿಗೊಂಡು.
ಕೆಂಪಂದು ಎಲ್ಲಾದರಕಿಂತ ಮುಂದ.

ಅಕ್ಕನ ಮಗ ಸಿದಗೊಂಡ, ನಾಳೆ ಇದನ್ನ ನಡಸಾಂವ,
ಅದರ ಸುತ್ತ ಮೂರು ಸುತ್ತು ಹಾಕಿದ.
"ಚಿಗವ್ವಾ, ಒಳಗ ಟೀವಿ ಐತಿ ನೋಡು!"
ರೊಟ್ಟಿ ಟೀವಿ ನೋಡ್ತಾವೇನೋ, ಅಂದೆ.

ಚಿದಾನಂದ ಅಂತ ಮಾರು ಹುಡುಗ,
"ಒಬ್ಬರ ಕೈಯಾಗಿಂದ್ರಿ, ಒಬ್ಬರ ಕೈಯಾಗಿಂದು" ಅಂತ
ಗೋಳಗುಮ್ಮಟದಾಗ ನಿಂತಾವನಂಗ
ಒಂದ ಮಾತು ಏಳು ಸರತೆ ತಿರುಗಿಸಿದ.
ಮೂರು ಲಕ್ಷ ಹದಿನೈದು ಸಾವಿರ.
ಓಡಿದ್ದು ಬರೇ ಮೂವತ್ತೆಂಟು ಸಾವಿರ ಅಂತಿತ್ತು ಮೀಟರು.

ನಾ ಬಗ್ಗಿ ಬ್ರೇಕಿನ ಪೆಡಲು ನೋಡಿದೆ.
ರಬ್ಬರು ಸವದು ಒಳಗಿನ ಕಬ್ಬಿಣ ಹಲ್ಲು ಕಿಸಿದಿತ್ತು.
ಇಪ್ಪತ್ತು ವರ್ಷ ಓಣಿ ಓಣಿ ರೊಟ್ಟಿ ಹೊತ್ತಾಕಿಗೆ
ಎಷ್ಟು ಹಾದಿಗೆ ಎಷ್ಟು ಚಪ್ಪಲಿ ಸವೀತೈತಿ ಅಂತ
ಯಾರೂ ಕಲಸೂದು ಬ್ಯಾಡ.
ಮೀಟರಿಗೆ ಸುಳ್ಳು ಕಲಸಬಹುದು,
ಕಾಲು ಕಲಿಯೂದಿಲ್ಲ.

ಹುಸೇನಸಾಬ ಮುಜಾವರನ್ನ ಕರಕೊಂಡು ಹೋಗಿದ್ದೆ,
ಮುನ್ನೂರು ರೂಪಾಯಿ, ಮ್ಯಾಲ ಒಂದು ಚಾ.
(ಕಾಶೀಬಾಯಿ ವಹಿದಾಗ ಮುನ್ನೂರು ಬರಕೊಂಡು
ಚಾ ಯಾಕ, ಅಂದ್ಲು.)
ಮಾತು ಕಡಿಮಿ ಅವಂದು.
ಡಿಕ್ಕಿ ತಗದ, ಸ್ಟೆಪ್ನಿ ಎತ್ತಿದ,
ಅದರ ಬುಡಕ ಬಳ್ಳು ಆಡಿಸಿ ನನ್ನ ಮುಂದ ಹಿಡದ:
ಕರೀ ಮಣ್ಣು, ಹಿಟ್ಟಿನಂಗ ನುಣ್ಣಗ.
"ಹೊಳಿ ಈಸಿ ಬಂದೈತಿ, ಬಾಯಿ."

ಸಿದಗೊಂಡ ಆ ಮ್ಯಾಲೂ ಒಂದು ಸಲ
ಬಾಗಿಲ ಮುಟ್ಟಿ ನೋಡಿದ, ಪಾಪ.

ಗ್ವಾಡಿಗೆ ಹತ್ತಿ ಒಂದು ಬೂದಿ ಬಣ್ಣದ್ದು ನಿಂತಿತ್ತು,
ಎಡಗಡೆ ಬಾಗಿಲ ಮಾತ್ರ ಬಿಳೇದು.
ಅದರ ಮಾರಿ ಯಾರೂ ತೊಳದಿರಲಿಲ್ಲ.
ಮುಂದಿನ ಖಾನೆದಾಗ ದಾರ ಕಟ್ಟಿದ ಪಾವತಿ,
ಆಯಿಲು ಬದಲಿಸಿದ ಒಂದೊಂದು ತಾರೀಖು,
ಎಂಟು ವರ್ಷದ್ದು,
ತಿಕೋಟಾದ ದನದ ಡಾಕ್ಟರ ಅಕ್ಷರದಾಗ.
ಬಿಳೀ ಬಾಗಿಲ ಯಾಕ, ಅಂದೆ.
"ಹೋರಿ ಹಾದೈತ್ರಿ," ಅಂದ ಚಿದಾನಂದ
ಮುಂಜಾನಿಂದ ಮೊದಲನೇ ಸಲ ಸಣ್ಣ ದನಿಲೆ.
ಆ ದನಿ ನಂಬಿದೆ ನಾ.

ಹುಸೇನಸಾಬ ಚಾಲೂ ಮಾಡಿದ.
ಹದ ಬಂದ ಹಿಟ್ಟು ಕೊಣಮಿಗ್ಯಾಗ ಬಡದಾಗ
ಒಂದು ಸಪ್ಪಳ ಬರ್ತೈತಲ್ಲ, ಎಲ್ಲೂ ತಪ್ಪಲಾರದ್ದು,
ಅದು.

ಒಂದು ಎಂಬತ್ತು ಅಂದ. ಒಂದು ಐವತ್ತು ಅಂದೆ.
ಎದ್ದೆ. ಕುಂತೆ. ಮತ್ತ ಎದ್ದು ಚಪ್ಪಲಿ ಮೆಟ್ಟಿದೆ.
ಒಂದು ಅರವತ್ತೆರಡಕ್ಕ ಮುಗೀತು.
ಎರಡು ಟೈರಿಗೆ ಏಳು, ವಿಮಾಕ್ಕ ಆರು,
ಹೆಸರು ಬದಲಿಸಾಕ ಐದು.
ಅಲ್ಲಿಗೆ ಒಂದು ಎಂಬತ್ತ!
ಕೊಳ್ಳೂ ರೊಕ್ಕ ಬ್ಯಾರೆ, ಬೀಳೂ ರೊಕ್ಕ ಬ್ಯಾರೆ.

ರೊಟ್ಟಿಗೆ ಒಂದೂವರಿ ರೂಪಾಯಿ ಉಳೀತೈತಿ ನಮಗ,
ದಿನಾ ಆರನೂರು ರೊಟ್ಟಿ, ನಾಕು ಮಂದಿ.
ಕೆಂಪಂದು ಎರಡು ಲಕ್ಷ ಹತ್ತು ಸಾವಿರ ರೊಟ್ಟಿ,
ಮುನ್ನೂರಾ ಐವತ್ತು ದಿನ ಒಲಿ ಮುಂದ,
ಹೊಳಿ ಹೊಟ್ಟ್ಯಾಗ ಇಟಗೊಂಡ ಕಾರಿಗೆ.
ಇದು ಎರಡನೂರು ದಿನದ್ದು.
ನೂರೈವತ್ತು ದಿನ ರಟ್ಟಿ ಉಳದ್ವು.

ಮನಿಗೆ ಬರೂತನಕ ಸಿದಗೊಂಡ ಮಾರಿ ತಿರುವಿರಲಿಲ್ಲ.
ಬಿಳೀ ಬಾಗಿಲ ಒಳಗಿಂದ ತಗಿಯೂದಿಲ್ಲ,
ಇಳಸೂದಿದ್ರ ಅಂವ ಸುತ್ತ ಹಾದು ಬರಬೇಕು.
ಬಂದ. ತಗದ. ಸಾಹೇಬರ ಹೆಂಡ್ತಿಯಂಗ ಇಳದೆ,
ಓಣಿ ಮಂದಿ ನೋಡಿದ್ರು.
ಸೀಟಿಗೆ ಇನ್ನೂ ದನದ ಔಷಧದ ವಾಸನಿ.
ಕಿಡಕಿ ಇಳಿಸಿ, ಬೇವಿನ ತೊಪ್ಪಲಾ ಹಾಸಿ ಮಲಗಿದ್ವಿ.

ನಸಿಕಿನ್ಯಾಗ ಹಂಚು ಕಾದಿತ್ತು.
ಮೊದಲನೇ ರೊಟ್ಟಿ ಬಡದು ಮ್ಯಾಲ ಹಾಕಿ
ಕಾಶೀಬಾಯಿ ಬೆನ್ನು ತಿರವದನ ಅಂದ್ಲು:
"ಇನ್ನ ಒಂದು ಲಕ್ಷ ಹತ್ತೊಂಬತ್ತು ಸಾವಿರದ
ಒಂಬೈನೂರಾ ತೊಂಬತ್ತೊಂಬತ್ತು.
ಚಾ ಬ್ಯಾರೆ."