ಒಂದು ಮಣ ಮೂವತ್ತೊಂದು ಸೇರು

ಬೆಲ್ಲದ ಸವಾಲು ಮುಗದು, ಹಮಾಲರು ಕೈಕಾಲು ತೊಳಕೊಂಡ ಮ್ಯಾಲೆ,
ಮಹಾಲಿಂಗಪುರದ ಪ್ಯಾಟ್ಯಾಗ, ಗುರಸಿದ್ಧನ ಚಾದಂಗಡಿ ಮುಂದ
ದಿನಾ ಒಂದು ಕುಸ್ತಿ.
ಹಿಡಿಯಾವರಿಬ್ಬರೂ ಇಲ್ಲಿಲ್ಲ.

ಅಪ್ಪಾಲಾಲ ಜಮಾದಾರ, ಐವತ್ತೇಳರಾಗ ಬೆಳ್ಳಿಗದಾ ಹೊತ್ತಾಂವ,
ಮಣ್ಣಾಗ ಹೋಗಿ ಮೂವತ್ತು ವರ್ಷಾತು.
ಖಾನಪ್ಪ ಪೂಜೇರಿ, ತೊಂಬತ್ನಾಕರ ಅರವತ್ತಾರು ಕಿಲೋದ ಚಾಂಪಿಯನ್,
ಈಗ ಸಾಂಗ್ಲ್ಯಾಗ ಯಾವುದೋ ಬ್ಯಾಂಕಿನ ಬಾಗಲಾ ಕಾಯ್ತಾನ.
ಇಂವ ತೊಟ್ಟಲದಾಗ ಇದ್ದಾಗ
ಆಂವನ ಕಿವಿ ಆಗಲೇ ಮುರುಟಿ ಅಣಬಿ ಆಗಿದ್ದವು.

"ಅಪ್ಪಾಲಾಲಗ ಟೈಮಿನ ಕಟ್ಟ ಇರಲಿಲ್ಲೋ" ಅಂತಾನ ಸೈಕಲ್ಲಿನ ಮೀರಾಸಾಬ,
"ಹೊತ್ತು ಮುಳುಗಿದರ ಕಂದೀಲ ಹಚ್ಚಿ ಹಿಡೀತಿದ್ರು.
ನಿಮ್ಮಾಂವ ಆರು ಮಿನಿಟಿನ್ಯಾಗ ಪಾಯಿಂಟ್ ಎಣಿಸ್ಕೋತ ಕುಂಡ್ರಾಂವ."
"ಆರು ಮಿನಿಟ್ ಯಾಕ್ ಬೇಕು?" ಬಾಳೇಶ ಮಾಸ್ತರ ಎದ್ದು ನಿಲ್ತಾನ,
"ಖಾನಪ್ಪ ಕಾಲಿಗೆ ಬಿದ್ದಾಂದ್ರ ನಮಸ್ಕಾರಕ್ಕ ಅಂತ ತಿಳದು
ನಿಮ್ಮ ಜಮಾದಾರ ತಲಿ ಮ್ಯಾಲೆ ಕೈ ಇಡೂದ್ರಾಗ
ಬೆನ್ನಿಗೆ ಮಣ್ಣು."
"ಯಾ ಮಣ್ಣು? ಆಂವ ಹಿಡದದ್ದು ರಬ್ಬರಿನ ಮ್ಯಾಲ."

ನಿನ್ನೆ ಬಸಿನ ಅಖಾಡ ಆತು.
ಖಾರಿಯ ಎರಡು ತುಂಡು ಇಬ್ಬರು ಪೈಲ್ವಾನರಾದರು.
ಧಾಕ ಹಾಕೂ ಗದ್ದಲದಾಗ ಒಂದು ತುಂಡು ಚಾದಾಗ ಬಿದ್ದು ಕರಗಿ ಹೋತು,
ಕರಗಿದಾಂವ ಯಾರು ಅಂತ
ರಾತ್ರಿ ಎಂಟರ ತನಕ ಜಗಳ.

ಒಂದ ಮಾತಿಗೆ ಮಾತ್ರ ಎಲ್ಲಾರೂ ಹೂಂ ಅಂತಾರ:
ತೂಕ ಸಮಾ.
ಆಂವ ಒಂದು ಮಣ ಮೂವತ್ತೊಂದು ಸೇರು, ಇಂವ ಅರವತ್ತಾರು ಕಿಲೋ,
ಮಾಸ್ತರ ಪಾಟಿ ಮ್ಯಾಲೆ ಲೆಕ್ಕಾ ಹಾಕಿ ತೋರಿಸ್ಯಾನ.
ಆಮ್ಯಾಲೆ ನನ್ನ ಕಡೆ ತಿರುಗತಾರ.
ಇಬ್ಬರನ್ನೂ ತೂಗಿದ್ದು ನಮ್ಮ ಮನೆತನ.

ಐವತ್ತೇಳರಾಗ ತಕ್ಕಡಿ ನಮ್ಮಪ್ಪಂದು,
ಬೆಲ್ಲದ ಪೆಂಟಿ ತೂಗೂ ಸರಪಳಿ ತಕ್ಕಡಿ.
ಒಂದು ಪರಡ್ಯಾಗ ಅಪ್ಪಾಲಾಲ, ಲಂಗೋಟಿ ಮ್ಯಾಲೆ, ಕಣ್ಣು ಮುಚ್ಚಿ,
ಹಿಂದಿನ ರಾತ್ರಿ ತಂಗಿ ನಿಕಾದ ಊಟ ಹೊಟ್ಟ್ಯಾಗ.
ನನಗ ಒಂಬತ್ತು ವರ್ಷ. ಪರಡಿಯಷ್ಟ ಎತ್ತರ.
ಅದಕ್ಕ ನನಗೊಬ್ಬಗ ಕಾಣಿಸಿತು:
ಕಲ್ಲಿನ ಪರಡಿಯ ಅಂಚಿನ ಮ್ಯಾಲ
ನೊಣ ಕುಂತಂಗ ಕುಂತಿತ್ತು ಅಪ್ಪನ ಹೆಬ್ಬೆರಳು.
ಎರಡು ಸೇರು.

ತೊಂಬತ್ನಾಕರಾಗ ನಾನು. ಕಬ್ಬಿಣದ ಕಾಟಾ.
ಖಾನಪ್ಪ ವಿಷಮಜ್ವರದಿಂದ ಎದ್ದು ಹನ್ನೆರಡು ದಿನ,
ಪಕ್ಕೆಲುಬು ಎಣಿಸಬಹುದಿತ್ತು.
ಪಟ್ಟಿಯೊಳಗ ಹೆಸರು ಉಳೀಬೇಕಂದ್ರ ಎರಡು ಕಿಲೋ ಕಡಿಮಿ.
ಬೇಡಲಿಲ್ಲ ಆಂವ, ನನ್ನ ಮಾರಿ ನೋಡಿದ ಅಷ್ಟ.
ಧೋತರದ ಮರ್ಯಾಗ ನನ್ನ ಕಾಲಿನ ಹೆಬ್ಬೆರಳು
ತಾನ ಹೋಗಿ ಕಾಟಾದ ಮ್ಯಾಲೆ ನಿಂತಿತು.

ಅಂದರ ನಿಮ್ಮ ಕುಸ್ತಿ ನಾ ಈಗಿಂದೀಗ ಮುಗಿಸಬಲ್ಲೆ.
ಜ್ವರದ ಮೈಯಿಂದ ಗೆದ್ದಾಂವ ಯಾರು,
ನಿಕಾದ ಹೋಳಿಗಿ ತುಂಬಿಕೊಂಡು ಗೆದ್ದಾಂವ ಯಾರು,
ಒಂದ ಮಾತು ಸಾಕು.
ಮಾಸ್ತರ ನಾಕು ಕಪ್ ಚಾ ಹೇಳತಾನ,
ಮೀರಾಸಾಬ ಎದ್ದು ಹೋಗತಾನ,
ನಾಳಿಂದ ಈ ಬಾಕು ಖಾಲಿ.
ಮತ್ತ ಗ್ವಾಡಿಗೆ ತೂಗು ಹಾಕಿದ ಅಪ್ಪನ ಫೋಟೋ.

ಕೆಲವು ರಾತ್ರಿ ನಿದ್ದಿಯೊಳಗ ನನಗೂ ಒಂದು ಕುಸ್ತಿ.
ಅಪ್ಪಾಲಾಲನೂ ಇಲ್ಲ, ಖಾನಪ್ಪನೂ ಇಲ್ಲ.
ಬೆಲ್ಲದ ಅಂಟಿಗೆ ಕಪ್ಪಾದ ಆ ಕೈಬೆರಳು ಒಂದು ಕಡೆ,
ಉಗುರು ಒಡದ ಈ ಕಾಲಬೆರಳು ಒಂದು ಕಡೆ.
ಸಲಾಮಿ ಆಗತೈತಿ, ಹಲಗಿ ಬಡೀತಾರ,
ಯಾರೂ ಯಾರನ್ನೂ ಮುಟ್ಟೂದಿಲ್ಲ.

"ಹೇಳು ಕಾಕಾ, ತೂಕ ಸಮಾ ಹೌದಲ್ಲೋ?"
"ಸಮಾ" ಅಂತೀನಿ.
ಮೀರಾಸಾಬ ಹೊಸಾ ಖಾರಿ ಮುರೀತಾನ.
ಬಸಿ ಹಿಡಿಯಾಕ ಹೋದ ಹೆಬ್ಬೆರಳು ಅಂಚಿನ ಮ್ಯಾಲ ಕುಂದರತೈತಿ.
ತಗದು
ತೊಡಿ ಕೆಳಗ ಇಟಗೋತೀನಿ.