ನಲವತ್ತೇಳನೆಯ ಜಾಡಿ

ರೀಗಾದ ಹಳೆಯ ವೈದ್ಯಶಾಲೆಯ ನೆಲಮಾಳಿಗೆಗೆ
ಸಂಜೆ ಆರಕ್ಕೆ ಇಳಿಯುತ್ತಿದ್ದೆವು:
ನನ್ನ ಬಕೆಟ್ಟು, ನನ್ನ ಒದ್ದೆ ಬಟ್ಟೆ, ನನ್ನ ಏಳು ತಿಂಗಳ ಹೊಟ್ಟೆ.
ಮೂರು ಗೋಡೆಗೂ ಕಪಾಟು,
ಕಪಾಟಿನ ತುಂಬ ಜಾಡಿ,
ಜಾಡಿಗಳ ಒಳಗೆ ನೀವು,
ಹುಟ್ಟಿದ ದಿನವೇ ಹೆಸರಿನ ಬದಲು ನಂಬರು ಸಿಕ್ಕವರು.

ಅತ್ತೆ ವಾಲಿಯಾ ಹೇಳಿದ್ದಳು:
ಮೊಲ ಅಡ್ಡ ಬಂದರೆ ಲಂಗದ ಅಂಚು ಒಂದಿಷ್ಟು ಹರಿದುಕೊ,
ಇಲ್ಲವಾದರೆ ಹರಿಯುವುದು ಕೂಸಿನ ತುಟಿ.
ಬೆಂಕಿ ಕಂಡು ಬೆಚ್ಚಿದರೆ ಕೈ ಮುಖಕ್ಕೆ ಒಯ್ಯಬೇಡ,
ಮುಟ್ಟಿಕೊಂಡಲ್ಲೇ ಕೆಂಪು ಮಚ್ಚೆ.
ಅಲ್ಲಿರುವ ಅವುಗಳನ್ನಂತೂ ನೋಡಲೇಬೇಡ ಜಿದ್ರಾ,
ಬಸುರಿ ಕಂಡದ್ದು ಒಳಗಿಳಿಯುತ್ತದೆ.

ನಕ್ಕಿದ್ದೆ. ಜೀವಶಾಸ್ತ್ರದಲ್ಲಿ ಒಳ್ಳೆ ಅಂಕ ನನಗೆ.
ನಕ್ಕವಳೇ ಮಾರನೆಯ ಸಂಜೆ
ಕಣ್ಣು ಮುಚ್ಚಿ ಧೂಳು ಒರೆಸಿದೆ.

ಹಾಗೆ ಕಲಿತೆ ನಿಮ್ಮನ್ನು, ಕುರುಡು ಬೆರಳಿಂದ.
ಹನ್ನೆರಡರ ಮುಚ್ಚಳಕ್ಕೆ ಬಿರುಕು,
ಮೂವತ್ತರ ಮೇಣ ಅಂಟು ಅಂಟು,
ನಲವತ್ತೇಳು, ನೀನು, ಎಲ್ಲರಿಗಿಂತ ತಣ್ಣಗೆ.

ಆದರೂ ಬರುತ್ತಿದ್ದಿರಿ.
ದೌಗಾವ ನದಿ ಹೆಪ್ಪುಗಟ್ಟಿದ ರಾತ್ರಿಗಳಲ್ಲಿ,
ಓಯಾರ್ಸನ ಗೊರಕೆಯ ಪಕ್ಕದಲ್ಲಿ,
ನನ್ನೊಳಗೆ ಈಜುವುದಕ್ಕೆ ಕಿವಿರು ಮೂಡುತ್ತಿತ್ತು,
ಬೆರಳ ಸಂದಿಯಲ್ಲಿ ಪೊರೆ.
ಆಸ್ಪತ್ರೆಯಲ್ಲಿ ಡಾಕ್ಟರು ಪರದೆ ನೋಡುತ್ತ
ಒಂದು ಕ್ಷಣ ಸುಮ್ಮನಾದಳು.
ಆ ಒಂದು ಕ್ಷಣಕ್ಕೆ ಕೊಂಬಿತ್ತು, ಬಾಲವಿತ್ತು,
ಹಣೆಯ ನಡುವೆ ಮೂರನೆಯದೇನೋ ಪಿಳುಕುತ್ತಿತ್ತು.
ಆಮೇಲೆ ಅವಳು ಸೀನಿದಳು. ಅಷ್ಟೇ.

ಜನವರಿಯಲ್ಲಿ ಕಪಾಟಿಗೆ ಬಣ್ಣ ಬಳಿಯುವವರು ಬಂದರು.
ಜಾಡಿಗಳನ್ನೆಲ್ಲ ಮೇಜಿಗೆ ಸಾಗಿಸಬೇಕು.
ನಿನ್ನದು ಭಾರ, ನಲವತ್ತೇಳು.
ಎತ್ತಲು ಇನ್ನೊಂದು ದಾರಿ ಇರಲಿಲ್ಲ:
ಎರಡೂ ತೋಳಲ್ಲಿ ತಬ್ಬಿ
ಹೊಟ್ಟೆಯ ಮೇಲೆ ಇಟ್ಟುಕೊಂಡೆ.

ಆಗ ಒಳಗಿನವಳು ಒದ್ದಳು.
ಗಾಜಿಗೇ ತಾಗಿತು ಒದೆತ.
ಹೊರಗಿನವನು ಅಲುಗಿದ.

ಕಣ್ಣು ಬಿಟ್ಟುಬಿಟ್ಟೆ.
ಎದುರಿಗೆ, ಕಿವಿಯಿಂದ ಕಿವಿಗೆ ಹರಿದ ಬಾಯಿ,
ಕರಗಿ ಇಳಿದ ಹಣೆ, ಎರಡೆರಡು ಮೂಗು.
ಕಿರುಚಿದೆ. ಅದೂ ಕಿರುಚಿತು.
ಗಾಜಿನ ಉಬ್ಬಿನಲ್ಲಿ ನಾನೇ.

ನನ್ನ ಹಿಂದೆ ನೀನು, ಚಿಕ್ಕದಾಗಿ,
ಏನನ್ನೂ ಹೆದರಿಸುವಷ್ಟು ಬಿಡುವಿಲ್ಲದವನ ಹಾಗೆ
ಮಲಗಿದ್ದೆ.
ಹೌದು, ಎಲ್ಲರೂ ಹೇಳುವುದೆಲ್ಲ ಇತ್ತು ನಿನ್ನಲ್ಲಿ,
ಅದನ್ನಿಲ್ಲಿ ಮತ್ತೆ ಹೇಳುವುದಿಲ್ಲ.
ರೆಪ್ಪೆಗೂದಲು ಇತ್ತು.
ಯಾರೂ ಅದನ್ನು ಹೇಳಿರಲಿಲ್ಲ.
ಯಾರೋ ಕೂತು ಒಂದೊಂದೇ ನೆಟ್ಟಂತೆ,
ಬಂಗಾರದ ಬಣ್ಣದ ರೆಪ್ಪೆ.

ಚೀಟಿಯ ಹಿಂದೆ ಮಾಸಿದ ಜರ್ಮನ್ ಅಕ್ಷರ.
ಮ್ಯೂಸಿಯಮ್ಮಿನ ಹರಾಲ್ಡ್ಸ್ ಕನ್ನಡಕ ಒರೆಸಿ ಓದಿದ:
*ತಾಯಿ ಅಗಸಗಿತ್ತಿ, ವಯಸ್ಸು ಹತ್ತೊಂಬತ್ತು.
ನೋಡಬೇಕೆಂದಳು. ತೋರಿಸಲಿಲ್ಲ.*

ಅವನು ಹೋದ. ನಾನು ಸ್ಟೂಲು ಎಳೆದುಕೊಂಡೆ.
ಅವಳ ಪಾಲಿನದನ್ನೂ ನೋಡಿದೆ,
ಕೊನೆಯ ಟ್ರಾಮು ತಪ್ಪುವವರೆಗೆ.

ಭಯ ಹೋಯಿತೆಂದು ಬರೆದರೆ ಸುಳ್ಳು.
ಮಾರ್ಚಿನಲ್ಲಿ, ಬೆಳಗಿನ ಜಾವ,
ಇನ್ನೂ ಜಿಗುಟಾಗಿದ್ದ ಮಗುವನ್ನು ಎದೆಗೆ ಹಾಕಿದಾಗ
ಮುಖ ನೋಡಲಿಲ್ಲ ಮೊದಲು.
ಎಣಿಸಿದೆ.
ಹತ್ತು. ಕಾಲಿನದೂ ಹತ್ತು.
ವಾಲಿಯಾ ಬಾಗಿಲಲ್ಲೇ ನಿಂತು, ತುಟಿ ಅಲುಗಿಸುತ್ತ,
ಅವಳೂ ಎಣಿಸುತ್ತಿದ್ದಳು.
ಮತ್ತೆ ಎಣಿಸಿದೆ, ನಾಚಿಕೆಯಾಯಿತು,
ನಾಚಿಕೆಯ ನಡುವೆಯೇ ಇನ್ನೊಮ್ಮೆ.

ನಿನ್ನ ಬೆರಳು ಎಷ್ಟಿದ್ದವು, ನಲವತ್ತೇಳು?
ಅಷ್ಟು ಹೊತ್ತು ನೋಡಿಯೂ ನೆನಪಿಲ್ಲ.
ಇವಳು ಕಣ್ಣು ತೆರೆಯಲು ಹೆಣಗುತ್ತಿದ್ದಳು.
ರೆಪ್ಪೆ ನೆನಪಾಯಿತು.