ಕರ್ಮಣಿ ಪ್ರಯೋಗ

ತಿಂಗಳ ಕೊನೇ ಶುಕ್ರವಾರ ಮಧ್ಯಾಹ್ನ ಮೂರಕ್ಕೆ
ಕೋಲಾರದ ನಮ್ಮ ಕಚೇರಿಯಲ್ಲಿ
ನೌಕರರ ಕುಂದುಕೊರತೆ ಸಭೆ.
ಕುಂದಿಗೊಂದು ಕಡತ, ಕೊರತೆಗಿನ್ನೊಂದು,
ಎಲ್ಲರಿಗೂ ಎರಡೆರಡು ಬಿಸ್ಕತ್ತು.
ನಾನು ವಿಷಯ ನಿರ್ವಾಹಕ. ಮೂಲೆಯಲ್ಲಿ ಕೂತು
ನಡೆದದ್ದನ್ನು ‘ನಡೆಸಲಾಯಿತು’ ಎಂದು ಬರೆಯುವವನು.

ದೊಡ್ಡಪಿಳ್ಳಮ್ಮ, ಗ್ರೂಪ್ ಡಿ, ಶ್ರೀನಿವಾಸಪುರದ ಆಸ್ಪತ್ರೆ.
ಹೆರಿಗೆ ವಾರ್ಡಿನ ನೆಲ ಒರೆಸಿ ಒಂದೂವರೆ ಬಸ್ಸಿಗೆ ಬರುತ್ತಿದ್ದರು.
ಅಹವಾಲು ಇಷ್ಟೇ:
ಸೇವಾ ಪುಸ್ತಕದ ಹದಿನೇಳನೇ ಪುಟದಲ್ಲಿ
ನಲವತ್ತೊಂದು ದಿನ ಗೈರು ಎಂದಿದೆ;
ಅದರಿಂದ ಬಡ್ತಿ ನಿಂತಿದೆ.
“ಅಷ್ಟು ದಿನಾನೂ ಬಂದಿದ್ದೆ ಸಾ.
ಆವಾಗ ಮೇಲಿನ್ ಟ್ಯಾಂಕ್ ಒಡ್ದೋಗಿತ್ತು,
ಬೋರಿಂದ ನೀರು ಹೊತ್ತಿದ್ದು ನಾನೇ.”

ನಾನೇ.
ಟಿಪ್ಪಣಿ ಹಾಳೆಗೆ ಒಗ್ಗದ ಪದ.
‘ಸದರಿ ಅವಧಿಯಲ್ಲಿ ನೀರು ಸರಬರಾಜು ಮಾಡಲಾಗಿದೆಯೆಂದು
ಅರ್ಜಿದಾರರು ತಿಳಿಸಿರುತ್ತಾರೆ’ ಎಂದು ಬರೆದುಕೊಂಡೆ.

ಏಳನೇ ತರಗತಿಯಲ್ಲಿ ಮೇಷ್ಟ್ರು ಹೇಳಿದ್ದರು:
ರಾಮನು ಮರವನ್ನು ಕಡಿದನು, ಇದು ಕರ್ತರಿ.
ರಾಮನಿಂದ ಮರವು ಕಡಿಯಲ್ಪಟ್ಟಿತು, ಇದು ಕರ್ಮಣಿ.
ಕಚೇರಿಗೆ ಬಂದಮೇಲೆ ನೋಡಿದೆ,
ರಾಮ ರಜೆಯ ಮೇಲಿದ್ದಾನೆ,
ಮರ ಮಾತ್ರ ಬಿದ್ದುಕೊಂಡಿದೆ.

ಆರು ವರ್ಷ. ನಾಲ್ವರು ಸಾಹೇಬರು.
ಒಬ್ಬರು ಹಸಿರು ಶಾಯಿಯಲ್ಲಿ ‘ಚರ್ಚಿಸಿ’ ಎಂದು ಬರೆದು
ಚರ್ಚೆಗೆ ಮುಂಚೆ ವರ್ಗವಾದರು.
ಇನ್ನೊಬ್ಬರು ‘ಮೂಲ ದಾಖಲೆ ತರಿಸಿ’.
ಮೂಲ ದಾಖಲೆ ಹಳೇ ಆಸ್ಪತ್ರೆಯ ಗೋದಾಮಿನಲ್ಲಿತ್ತು.
ಬೀಗದ ಕೈ ಯಾರ ಬಳಿ ಎಂದು ಮೂರು ಪತ್ರ, ಎರಡು ನೆನಪೋಲೆ.
ಕಳೆದ ಮಾರ್ಚಿನಲ್ಲಿ ಬೀಗ ಒಡೆಯಲಾಯಿತು.
(ಒಡೆದದ್ದು ಡ್ರೈವರ್ ಅಮಾನುಲ್ಲಾ, ಜಾಕಿಯ ರಾಡಿನಿಂದ.)

ಹಾಜರಿ ವಹಿಯ ಅಂಚನ್ನಷ್ಟೇ ಇಲಿ ತಿಂದಿತ್ತು.
ಹದಿನೆಂಟನೇ ಸಾಲು ಚಿಕ್ಕಪಿಳ್ಳಮ್ಮ: ಗೈರು, ಗೈರು, ಗೈರು.
ಅದರ ಕೆಳಗೆ ದೊಡ್ಡಪಿಳ್ಳಮ್ಮ: ನಲವತ್ತೊಂದು ಸಹಿ,
ಪ್ರತಿ ಸಹಿಯಲ್ಲೂ ‘ಡ್ಡ’ದ ಒತ್ತು
ಭಾರಕ್ಕೆ ಗೆರೆಯಾಚೆ ಜಗ್ಗಿದೆ.
ನಕಲು ಮಾಡುವಾಗ ಯಾರದೋ ಸ್ಕೇಲು ಒಂದು ಸಾಲು ಜಾರಿದೆ.

ಯಾರದು?
ಆ ಹದಿನೇಳನೇ ಪುಟವನ್ನು ಆರು ವರ್ಷವೂ
ಮಾಸಿದ ಜೆರಾಕ್ಸಿನಲ್ಲಿ ನೋಡಿದ್ದೆ.
ಮೂಲದಲ್ಲಿ ನೀಲಿ ಶಾಯಿ.
‘ಗೈ’ಯ ಕೆಳಗೆ ಕೊಕ್ಕೆಯಂಥ ಬಾಲ.
ನನ್ನ ಅಕ್ಷರ.
ಕೆಲಸಕ್ಕೆ ಸೇರಿದ ಮೂರನೇ ತಿಂಗಳು,
ನಿಯೋಜನೆ ಮೇಲೆ ಹೋಗಿದ್ದೆ ಅಲ್ಲಿಗೆ,
ನಾಲ್ಕೂವರೆ ಬಸ್ಸು ತಪ್ಪುತ್ತದೆಂಬ ಗಡಿಬಿಡಿಯಲ್ಲಿ.

ಆದೇಶದ ಕರಡು ನಾನೇ ಸಿದ್ಧಪಡಿಸಿದೆ:
‘ಕಣ್ತಪ್ಪಿನಿಂದ ನಮೂದಾಗಿದ್ದನ್ನು ರದ್ದುಪಡಿಸಿ,
ಬಡ್ತಿ ಮಂಜೂರು ಮಾಡಿ, ಅಹವಾಲನ್ನು ಇತ್ಯರ್ಥಪಡಿಸಲಾಗಿದೆ.’
ಕಣ್ಣು ಯಾರದೆಂದು ಬರೆಯಲಿಲ್ಲ.

ಪ್ರತಿಯನ್ನು ಕೈಗೆ ಕೊಟ್ಟಾಗ
ಬೆರಳಿಟ್ಟು ಅಕ್ಷರ ಅಕ್ಷರ ಓದಿದರು.
“ಬರ್ದೋರ್ ಯಾರು ಅಂತ ಐತಾ ಸಾ ಇದ್ರಲ್ಲಿ?”
“ಇಲ್ಲಮ್ಮ, ಹಾಗೆ ಬರೆಯೋ ಪದ್ಧತಿ ಇಲ್ಲ.”
“ಹೋಗ್ಲಿ ಬಿಡಿ.”
ಕಾಗದವನ್ನು ಬಸ್ ಟಿಕೀಟುಗಳ ಕವರಿಗೆ ಸೇರಿಸಿದರು.
ಬಾಗಿಲ ತನಕ ಹೋಗಿ ತಿರುಗಿ ಬಂದರು.
“ಚಿಕ್ಕಪಿಳ್ಳಮ್ಮಂಗೆ ಏನೂ ಆಗಲ್ಲ ಅಲ್ವಾ ಸಾ?
ಆವಾಗ ಅವಳ ಕೂಸು ತೀರ್ಕೊಂಡಿತ್ತು.
ಅವಳ ಪಾಳಿ ನೀರೂ ನಾನೇ ಹೊತ್ತಿದ್ದೆ.”

ಆರು ವರ್ಷ, ಪ್ರತಿ ಸಭೆಯಲ್ಲೂ,
ಆ ಹೆಸರು ಈಕೆಯ ಬಾಯಲ್ಲೇ ಇತ್ತು.
ಒಂದು ದಿನವೂ ಹೊರಬಂದಿರಲಿಲ್ಲ.

ಆ ಸಂಜೆ ಕಡತದಲ್ಲಿ ಒಂದು ಸಾಲು ಸೇರಿಸಿದೆ:
‘ಸಾಲು ತಪ್ಪಿ ನಕಲು ಮಾಡಿದ್ದು ನಾನು.
ಚಿಕ್ಕಪಿಳ್ಳಮ್ಮನವರಿಗೆ ಆ ದಿನಗಳ ರಜೆ ಮಂಜೂರು ಮಾಡಬೇಕು.’

ನಿನ್ನೆ ವಾಪಸು ಬಂತು.
‘ನಾನು’ ಎಂಬುದರ ಸುತ್ತ ಪೆನ್ಸಿಲಿನ ಸೊನ್ನೆ,
ಅಂಚಿನಲ್ಲಿ ವ್ಯವಸ್ಥಾಪಕರ ಷರಾ:
ಭಾಷೆ ಸರಿಪಡಿಸಿ ಮರುಮಂಡಿಸಿ.